ಒಂದೇ ಮೂಲೆಯ ಎರಡು ಹುಳಿ ಗಡಿಗೆಗಳು

ನಮ್ಮ ಕಾಕಾ ಜೋಳ ಕೊಳೆಸುವುದನ್ನು ಕಲೆ ಎಂದು ಕರೆಯತೊಡಗಿದ್ದು ಮಗಳ ನಿಶ್ಚಿತಾರ್ಥದ ಮರುದಿನದಿಂದ.

ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಜೋಳ ಹುಳಿ ಬರುತ್ತಿರಲಿಲ್ಲ ಎಂದಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಹುಳಿ ವಾಸನೆ ಎಂದರೆ ಮನೆಯದೇ ವಾಸನೆ. ಅಡುಗೆಮನೆಯಲ್ಲಿ ಅಂಬಲಿಗೆ ಕಲಸಿಟ್ಟ ಹಿಟ್ಟು ಹುಳಿ ಬರುತ್ತಿತ್ತು, ಪಡಸಾಲೆಯ ಮೂಲೆಯಲ್ಲಿ ಮಗ್ಗದ ನೂಲಿಗೆ ಹಚ್ಚುವ ಗಂಜಿ ಹುಳಿ ಬರುತ್ತಿತ್ತು. ಎರಡನ್ನೂ ಹೆಂಗಸರು ಮಾಡುತ್ತಿದ್ದರು, ಆದ್ದರಿಂದ ಅದನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಗಂಡಸೊಬ್ಬ ಕೈ ಹಾಕಿದ ಮೇಲೆ ಅದು ಕಲೆಯಾಯಿತು. ಎರಡನೆಯ ವಾರ ವಿಜ್ಞಾನವಾಯಿತು. ಮೂರನೆಯ ವಾರಕ್ಕೆ ಅದರ ಬಗ್ಗೆ ಭಾಷಣ ಕೇಳದೆ ನಮ್ಮ ಮನೆಯಲ್ಲಿ ಒಂದು ಬಟ್ಟಲು ಚಹಾ ಕುಡಿಯುವುದೂ ಕಷ್ಟವಾಯಿತು.

ಇದಕ್ಕೆಲ್ಲ ಕಾರಣ ಶಿರಹಟ್ಟಿಯ ಬೀಗರು. ಕಾಕಾನ ಮಗಳನ್ನು ತಮ್ಮ ಮಗನಿಗೆ ತಂದುಕೊಳ್ಳಲು ಒಪ್ಪಿದ ಬೀಗರಿಗೆ ಊರಲ್ಲಿ ಕಿರಾಣಿ ಅಂಗಡಿ, ಮುಖದ ನಡುವೆ ಭರ್ಜರಿ ಮೂಗು, ದುಬೈಯಲ್ಲಿ ಒಬ್ಬ ಅಳಿಯ. ನಿಶ್ಚಿತಾರ್ಥದ ಊಟ ಮುಗಿದ ಮೇಲೆ ಅಳಿಯ ಕಳಿಸಿದ ಬಾಟಲಿಯನ್ನು ಅವರು ಚೀಲದಿಂದ ಹೊರತೆಗೆದು, ಗಂಡಸರನ್ನಷ್ಟೇ ಮಾಳಿಗೆಗೆ ಕರೆದೊಯ್ದು, ಸ್ಟೀಲ್ ಬಟ್ಟಲಲ್ಲಿ ಬೆರಳಿನಷ್ಟು ಹುಯ್ದು ಕೊಟ್ಟರು. ಕಾಕಾ ಎತ್ತಿ ಒಂದೇ ಗುಟುಕಿಗೆ ಮುಗಿಸಿಬಿಟ್ಟ.

"ಅಯ್ಯ, ಹಂಗಲ್ರೀ ಬೀಗರ!" ಎಂದರು ಅವರು. "ಮೊದಲ ಮೂಗಿಗೆ, ಆಮ್ಯಾಲೆ ಬಾಯಿಗೆ. ಏನ್ ವಾಸನಿ ಬಂತು, ಹೇಳ್ರಿ ನೋಡೂಣು."

"ಸೆರೆ ವಾಸನಿ ಬಂತ್ರಿ," ಎಂದ ಕಾಕಾ, ಪಾಪ, ಖರೆ ಹೇಳಿದ.

ಮಾಳಿಗೆಯೆಲ್ಲ ನಕ್ಕಿತು. ಬೀಗರು ಕಣ್ಣು ಮುಚ್ಚಿ ಬಟ್ಟಲು ಮೂಸಿ, ಒಣದ್ರಾಕ್ಷಿ ಬಂತು, ಹೊಗೆ ಬಂತು, ಹಳೇ ಕಟ್ಟಿಗೆ ಬಂತು ಎಂದು ಒಂದೊಂದನ್ನೇ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುವವರಂತೆ ಸ್ವಾಗತಿಸಿದರು. ಕಡೆಗೆ ಕಾಕಾನ ಬೆನ್ನು ತಟ್ಟಿ, "ಮಗ್ಗದ ಕುಣ್ಯಾಗ ಕುಂತು ಕುಂತು ನಿಮ್ಮ ಮೂಗಿನ್ಯಾಗ ಅರಳಿ ತುಂಬೈತ್ರಿ" ಎಂದರು. ಹಾಗೆಂದ ಬೀಗರ ಅಪ್ಪನೂ ಆಯುಷ್ಯವೆಲ್ಲ ಮಗ್ಗದ ಕುಣಿಯಲ್ಲೇ, ಆ ನೆಲದ ಗುಂಡಿಯಲ್ಲೇ, ಕೂತವರು. ಕಿರಾಣಿ ಅಂಗಡಿ ಹಾಕಿದ ದಿನವೇ ಮೂಗಿನ ಅರಳೆ ತಾನಾಗಿ ಉದುರಿತೇನೋ.

ಕಾಕಾನಿಗೆ ಆ ಮಾತು ನಾಟಿತು. ಮೊಣಕಾಲ ನೋವಿನ ನೆವದಲ್ಲಿ ಅವನು ಕುಣಿಗೆ ಇಳಿಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಮಗ್ಗವನ್ನು ನಡೆಸುತ್ತಿದ್ದವಳು ಅವನ ಹೆಂಡತಿ, ನಮ್ಮ ಚಿಗವ್ವ. ಕಾಕಾನ ಕೈಯಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ಜಗತ್ತಿತ್ತು. ಆ ಜಗತ್ತಿನ ಯಾವುದೋ ಮೂಲೆಯಲ್ಲಿ ಬಿಳಿ ಗಡ್ಡದವನೊಬ್ಬ ಕಾಳು ನೆನೆ ಹಾಕಿ, ಮುಚ್ಚಳ ತೆರೆದಿಟ್ಟು, ಗಾಳಿಯಲ್ಲಿ ಹಾರಾಡುವ ಕಾಣದ ಜೀವಿಗಳು ಬಂದು ಅದನ್ನು ಹುಳಿ ಮಾಡುವವರೆಗೆ ಕಾದು, ಆ ಹುಳಿಯಿಂದಲೇ ಸೆರೆಗೆ ಹಣ್ಣಿನ ವಾಸನೆ ಬರುತ್ತದೆ ಎಂದು ತೋರಿಸುತ್ತಿದ್ದ. ಅವನ ಮಾತು ಕಾಕಾನಿಗೆ ಒಂದೂ ತಿಳಿಯಲಿಲ್ಲ. ಗಡಿಗೆ ಮಾತ್ರ ತಿಳಿಯಿತು.

"ಲೇ ತಮ್ಮಾ," ಎಂದ ನನಗೆ, "ಇಷ್ಟ ಏನಲೇ? ಇದನ್ನ ನಿಮ್ಮ ಆಯಿ ಹುಟ್ಟಿದಾಗಿಂದ ಮಾಡಾಕತ್ತಾಳ. ಆಕಿ ಅಂಬಲಿ ಮಾಡಿದ್ಲು, ತಿಳೀಲಿಲ್ಲ ಪಾಪ. ನಾ ತಿಳದು ಮಾಡತೇನಿ."

"ಕಾಕಾ, ಮನ್ಯಾಗ ಭಟ್ಟಿ ಇಳಿಸಿದ್ರ ಪೊಲೀಸರು ಒಯ್ತಾರ."

"ಸೆರೆ ಮಾಡಾವರನ್ನ ಒಯ್ತಾರ. ನಾ ವಾಸನಿ ಮಾಡಾವ."

ಈ ವಾದವನ್ನು ನ್ಯಾಯಾಧೀಶರ ಮುಂದೆ ಕೇಳುವ ಭಾಗ್ಯ ನಮಗೆ ಬರದಿರಲಿ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಕಾಕಾನಿಗೆ ಒಬ್ಬ ಗೆಳೆಯನಿದ್ದ. ನಿವೃತ್ತ ಬಸ್ ಕಂಡಕ್ಟರ್, ಮಲ್ಲಸಮುದ್ರದ ಅಂಚಿನ ತುಂಡು ಹೊಲದಲ್ಲಿ ತಗಡಿನ ಶೆಡ್ ಹಾಕಿಕೊಂಡವನು. ಭಟ್ಟಿ ಇಳಿಸುವ ಜಾಗವೂ ಅದೇ, ಸಿದ್ಧಾಂತಗಳು ಇಳಿಯುವ ಜಾಗವೂ ಅದೇ. ಒಂದೊಂದು ಊರಿನ ಗಾಳಿಯಲ್ಲಿ ಒಂದೊಂದು ತರಹದ ಹುಳ ಇರುತ್ತದೆ, ಆದ್ದರಿಂದ ಒಂದೊಂದು ಊರಿನ ಗಡಿಗೆಗೆ ಒಂದೊಂದು ವಾಸನೆ ಬರಬೇಕು ಎಂಬುದು ಇಬ್ಬರೂ ಕೂಡಿ ಕಂಡುಹಿಡಿದ ಸತ್ಯ. "ಮುಂಡರಗಿ ಗಾಳಿ ಒಣಾ ಗಾಳಿ. ಲಕ್ಷ್ಮೇಶ್ವರದ್ದು ಜರಾ ಎಣ್ಣಿ ಎಣ್ಣಿ," ಎನ್ನುತ್ತಿದ್ದ ಕಂಡಕ್ಟರ್. ಆಯುಷ್ಯವೆಲ್ಲ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಡೀಸೆಲ್ ಹೊಗೆ ಕುಡಿದವನು. ಮುಂಡರಗಿಯಲ್ಲಿ ಅವನು ಗಾಳಿ ತೆಗೆದುಕೊಂಡದ್ದು ಬಸ್ಸಿನ ಡ್ರೈವರ್ ಚಹಾಕ್ಕೆ ಇಳಿದಾಗ ಮಾತ್ರ, ಲಕ್ಷ್ಮೇಶ್ವರದಲ್ಲಿ ನಿಲ್ದಾಣದ ಎದುರಿನ ಮಿರ್ಚಿ ಭಜಿ ಅಂಗಡಿ ಮುಂದೆ. ಎಣ್ಣೆ ಎಲ್ಲಿಂದ ಬಂತೆಂದು ಸಿದ್ಧಾಂತ ಕೇಳಲಿಲ್ಲ.

ಮೊದಲ ಪ್ರಯೋಗಕ್ಕೆ ಹರ್ತಿಯ ಗಾಳಿಯನ್ನು ಆರಿಸಿಕೊಂಡರು. ಅಲ್ಲಿ ಚಿಗವ್ವನ ತವರಿನ ದನದ ಕೊಟ್ಟಿಗೆ ಇತ್ತು. ನನ್ನ ಸ್ಕೂಟರಿನ ಹಿಂದೆ ಕಾಕಾ ಗಡಿಗೆಯನ್ನು ಹೆಣ್ಣುಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದ. ಕುದಿಸಿ ಆರಿಸಿದ ಜೋಳದ ನುಚ್ಚು, ಬೆಲ್ಲ, ನೀರು. ಬಾಯಿ ತೆರೆದಿಟ್ಟು, "ಇನ್ನ ಹರ್ತಿ ತಾನ ಒಳಗ ಬರತೈತಿ" ಎಂದು ಹೇಳಿ ಬಂದೆವು. ಹರ್ತಿ ಬರಲಿಲ್ಲ. ಎಮ್ಮೆ ಬಂತು. ಮರುವಾರ ಹೋಗಿ ನೋಡಿದರೆ ಎಮ್ಮೆ ಗಡಿಗೆಗೆ ಮುಖ ಹಾಕಿ ಅರ್ಧ ಕುಡಿದು ಅರ್ಧ ಬಿಟ್ಟಿತ್ತು. ನಾನು ಕಂಡ ಪರೀಕ್ಷಕರಲ್ಲೆಲ್ಲ ಅದೇ ಹೆಚ್ಚು ಪ್ರಾಮಾಣಿಕ. ಸಾಕೆನಿಸಿದಾಗ ಬಿಟ್ಟಿತು, ಒಣದ್ರಾಕ್ಷಿಯ ಮಾತಾಡಲಿಲ್ಲ.

ಕಾಕಾ ಬೆಟಗೇರಿಯ ಗಾಳಿಯೇ ಶ್ರೇಷ್ಠವೆಂದು ನಿರ್ಧರಿಸಿದ. ಆದರೆ ಮನೆಯಲ್ಲಿ ಆಯಿ ಇದ್ದಳು, ಅವನ ಹಡೆದವ್ವ. ಸೆರೆ ಎಂಬ ಶಬ್ದ ಕೇಳಿದರೇ ಆಕೆ ಕಸಬರಿಗೆ ಹುಡುಕುತ್ತಿದ್ದಳು. ಆಗ ಕಾಕಾನಿಗೆ ಹೊಳೆದ ಉಪಾಯವಿದೆಯಲ್ಲ, ಅದು ನೇಕಾರನ ತಲೆಗಲ್ಲದೆ ಬೇರೆಯವರಿಗೆ ಹೊಳೆಯಲಾರದು. ನಮ್ಮ ಓಣಿಯಲ್ಲಿ ಹುಳಿ ವಾಸನೆಯ ಗಡಿಗೆಯನ್ನು ಬಗ್ಗಿ ನೋಡುವವರೇ ಇಲ್ಲ. ಗಂಜಿ ಇರಬೇಕು ಎಂದು ಮುಂದೆ ಹೋಗುತ್ತಾರೆ. ಕಾಕಾ ಅದೇ ಕುಂಬಾರನ ಹತ್ತಿರ ಅದೇ ಅಳತೆಯ ಗಡಿಗೆ ತಂದ. ಗಂಜಿ ಗಡಿಗೆಯ ಮೇಲೆ ಚಿಗವ್ವ ಕಟ್ಟುತ್ತಿದ್ದ ಹಳೆ ಸೀರೆಯ ತುಂಡಿನ ಇನ್ನರ್ಧವನ್ನೇ ಹರಿದು ಇದಕ್ಕೂ ಕಟ್ಟಿದ. ಎರಡನ್ನೂ ಪಡಸಾಲೆಯ ಮೂಲೆಯಲ್ಲಿ ಅಕ್ಕಪಕ್ಕ ಇಟ್ಟ. ಗೋಡೆಯ ಕಡೆಯದು ತನ್ನದು, ಬಾಗಿಲ ಕಡೆಯದು ಹೆಂಡತಿಯದು. ಇದನ್ನು ನನ್ನ ಕಿವಿಯಲ್ಲಿ ಹೇಳಿ, ಪೊಲೀಸರನ್ನೇ ಗೆದ್ದವನಂತೆ ಕಣ್ಣು ಹೊಡೆದ.

ಇತ್ತ ಚಿಗವ್ವನಿಗೆ ಆ ಗಂಜಿ ಸಾಮಾನ್ಯ ಗಂಜಿಯಲ್ಲ. ಈಗ ಹಾಸಿನ ನೂಲು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು, ಗಂಜಿ ಹಚ್ಚಿಯೇ ತಯಾರಾಗಿ ಬರುತ್ತವೆ. ಓಣಿಯುದ್ದ ಹಾಸು ಚಾಚಿ ಕುಂಚದಿಂದ ಗಂಜಿ ಹಚ್ಚುವುದನ್ನು ಎಲ್ಲರೂ ಬಿಟ್ಟಿದ್ದಾರೆ. ಆದರೆ ಮಗಳು ಅಕ್ಕಿಕಾಳಿಗೆ, ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ, ಉಡುವ ಸೀರೆಯನ್ನು ತಾನೇ ನೇಯಬೇಕು, ಗಂಜಿಯೂ ತನ್ನ ಕೈಯದೇ ಇರಬೇಕು ಎಂದು ಆಕೆ ಹಟ ಹಿಡಿದಿದ್ದಳು. ಬೀಗರು ಅರೆಮನಸ್ಸಿನಿಂದ ಒಪ್ಪಿದ್ದರು. "ಹೊತ್ತಿಗೆ ಆಗಲಿಲ್ಲಂದ್ರ ಚಿಂತಿ ಇಲ್ರಿ, ನಾವು ಸೂರತ್ ಸೀರಿ ತಂದು ಇಟ್ಟಿರತೀವಿ, ಝಗಝಗ ಅಂತಾವ" ಎಂದಿದ್ದರು. ಆ ಝಗಝಗ ಎಂಬ ಮಾತನ್ನು ನೆನೆದಾಗಲೆಲ್ಲ ಚಿಗವ್ವ ಲಾಳಿಯನ್ನು ಎರಡು ಪಟ್ಟು ಜೋರಾಗಿ ಹೊಡೆಯುತ್ತಿದ್ದಳು. ಮಗಳ ಮೈಮೇಲೆ ತನ್ನ ಸೀರೆಯೋ ಸೂರತ್ತಿನದೋ ಎಂಬುದು ಆ ಗಡಿಗೆಯಿಂದಲೇ ಶುರುವಾಗಬೇಕಿತ್ತು. ಜೋಳದ ಹಿಟ್ಟು ನೆನೆಸಿ, ಆಯಿ ಕಲಿಸಿದಂತೆ ಒಂದು ಸೌಟು ಕೊಬ್ಬರಿ ಎಣ್ಣೆ ಬೆರೆಸಿ, ಹುಳಿ ಬರಲು ಬಿಟ್ಟಿದ್ದಳು. ಪಕ್ಕದ ಗಡಿಗೆ ಅತ್ತೆ ಹೆಚ್ಚಿಗೆ ಕಲಸಿಟ್ಟ ಗಂಜಿ ಎಂದು ಆಕೆ, ಸೊಸೆಯದೆಂದು ಅತ್ತೆ ತಿಳಿದಿದ್ದರು.

ಅಮಾವಾಸ್ಯೆ ಬಂತು. ಆಯಿ ಪಡಸಾಲೆ ತೊಳೆದಳು. ತೊಳೆಯುವಾಗ ಎರಡೂ ಗಡಿಗೆಗಳನ್ನು ಆಚೆ ಸರಿಸಿ, ತೊಳೆದಾದ ಮೇಲೆ ಈಚೆ ತಂದಿಟ್ಟಳು. ಯಾವುದು ಗೋಡೆಗೆ, ಯಾವುದು ಬಾಗಿಲಿಗೆ ಎಂದು ಆಕೆ ಯಾಕೆ ನೋಡಬೇಕು? ಆಕೆಯ ಲೆಕ್ಕದಲ್ಲಿ ಎರಡೂ ಗಂಜಿಯೇ.

ಮರುದಿನ ಮಧ್ಯಾಹ್ನ ಕಾಕಾ ಗೋಡೆಯ ಕಡೆಯ ಗಡಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಮಲ್ಲಸಮುದ್ರದ ಶೆಡ್ಡಿಗೆ ಸಾಗಿಸಿದ. ಬೀಗರಿಗೆ ಫೋನ್ ಹೋಗಿತ್ತು. ಅವರು ಗದಗಿನ ಸಂತೆಯ ನೆಪ ಹೇಳಿ ಶಿರಹಟ್ಟಿಯಿಂದ ಮೂಗು ಸಮೇತ ಬಂದಿಳಿದರು. ನಾನೂ ಹೋಗಿದ್ದೆ, ಸ್ಕೂಟರ್ ನನ್ನದಲ್ಲವೇ. ಕಂಡಕ್ಟರನ ಹಳೆಯ ಕುಕ್ಕರು, ಅದಕ್ಕೊಂದು ನಳಿಗೆ, ನಳಿಗೆಯ ಬಾಯಲ್ಲಿ ಒಂದು ಶೀಶೆ. ಸಂಜೆಯ ಹೊತ್ತಿಗೆ ಶೀಶೆಯಲ್ಲಿ ಮಬ್ಬಾದ ನೀರಿನಂಥದ್ದು ಕೂಡಿತು. ಮೇಲೆ ಒಂದೆರಡು ಎಣ್ಣೆಯ ಕಣ್ಣು ತೇಲುತ್ತಿದ್ದವು.

"ಎಣ್ಣಿ ಬಂದೈತಿ ನೋಡು!" ಎಂದು ಕಂಡಕ್ಟರ್ ಉದ್ಗರಿಸಿದ. "ಒಳ್ಳೇ ಮಾಲಿಗೆ ಮಾತ್ರ ಬರತೈತಿ ಅದು."

ಬೀಗರು ಬಟ್ಟಲು ಹಿಡಿದು ಮೂಗನ್ನು ಅದರೊಳಗೆ ಇಳಿಬಿಟ್ಟರು. ಕಾಕಾ ಉಸಿರು ಹಿಡಿದು ನಿಂತ. ಮಗಳನ್ನು ನೋಡಲು ಬಂದ ದಿನವೂ ಅವನು ಹಾಗೆ ನಿಂತಿರಲಿಲ್ಲ.

"ಕೊಬ್ಬರಿ," ಎಂದರು ಬೀಗರು ಕಣ್ಣು ಮುಚ್ಚಿ. "ಮೊದಲಿಗೆ ಹಸೀ ಕೊಬ್ಬರಿ... ಕಾರವಾರದ ಕಡೀದು. ಅದರ ಹಿಂದ ಒಂಚೂರು... ಏನಂತಾರದಕ್ಕ... ತೊಳದ ಅರಿವಿ. ಹೊಸಾ ಅರಿವಿ. ಭಾಳ ಸೂಕ್ಷ್ಮ ಐತ್ರಿ ಬೀಗರ!"

"ಮೂಗಿನ್ಯಾಗ ಅರಳಿ ಇದ್ದಾವಗ ಅಷ್ಟು ಬಂದದ್ದ ದೊಡ್ಡದ್ರಿ," ಎಂದ ಕಾಕಾ. ಆ ಒಂದು ಮಾತಿಗಾಗಿ ಅವನು ಅಷ್ಟು ದಿನ ಜೋಳ ಕೊಳೆಸಿದ್ದ.

ಬೀಗರು ಎರಡು ಬಟ್ಟಲು ಕುಡಿದರು. ಕಂಡಕ್ಟರ್ ಮೂರು ಕುಡಿದು, "ಏರಾಕತ್ತೈತಿ" ಎಂದು ಶೆಡ್ಡಿನ ಕಂಬ ಹಿಡಿದುಕೊಂಡ, ಹಳೆಯ ರೂಢಿಯಂತೆ ಮಧ್ಯೆ ಮಧ್ಯೆ ಯಾರಿಗೋ ಟಿಕೆಟ್ ಕೇಳಿದ. ನಾನು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಹುಳಿ ನೀರು, ತಲೆಗೆ ಹಚ್ಚುವ ಎಣ್ಣೆ. ಮೂವರು ತಿಳಿದವರ ನಡುವೆ ತಿಳಿಯದವನಾಗಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಬೀಗರು ಹೊರಡುವಾಗ ಕಾಕಾನ ಎರಡೂ ಕೈ ಹಿಡಿದು, "ಮದವಿಗೆ ಇದ ಬೇಕ್ರಿ ಮತ್ತ. ದುಬೈದು ಇದರ ಮುಂದ ಏನೂ ಇಲ್ಲ" ಎಂದರು.

ಬೆಳಗಾಯಿತು. ಚಿಗವ್ವ ಎದ್ದವಳೇ ಮೂಲೆಯಲ್ಲಿ ಉಳಿದಿದ್ದ ಗಡಿಗೆಯನ್ನು ಬೋಗುಣಿಗೆ ಹುಯ್ದು ಕುದಿಯಲಿಟ್ಟಳು. ಸೋಸುವಾಗ ಬಟ್ಟೆಯಲ್ಲಿ ನುಚ್ಚು ನಿಂತಿತು. "ಗಿರಣಿಯಾಂವ ಹಿಟ್ಟು ದಪ್ಪ ಬೀಸ್ಯಾನ, ಅವನ ಕಣ್ಣಾಗ ಮಣ್ಣ ಹಾಕ" ಎಂದು ಬೈದಳು. ಗಂಜಿ ಎಂದಿಗಿಂತ ಜಿಗುಟಾಗಿತ್ತು. ಹುಳಿ ವಾಸನೆಯೇನೋ ಇತ್ತು, ಇರಲೇಬೇಕಲ್ಲ. ಓಣಿಯ ಎರಡು ತುದಿಗೂ ಗಳ ನೆಟ್ಟು ಹಾಸು ಚಾಚಿದ್ದರು. ನೆರೆಯ ಹೆಂಗಸರು ಕುಂಚ ಹಿಡಿದು ಬಂದರು, ನನ್ನನ್ನು ಎಳೆ ಬಿಡಿಸಲು ನಿಲ್ಲಿಸಿದರು. ಅಷ್ಟರಲ್ಲಿ ಕುದಿವ ಬೋಗುಣಿಯಿಂದ ಒಂದು ವಾಸನೆ ಎದ್ದು ಓಣಿಯನ್ನೆಲ್ಲ ತುಂಬಿತು.

"ಪೇರಲಹಣ್ಣ ಮಾರಾಕಿ ಬಂದಾಳೇನ?" ಎಂದಳು ಎದುರುಮನೆಯ ಮುದುಕಿ, ಬಾಗಿಲಿಗೆ ಬಂದು.

ಯಾರೂ ಬಂದಿರಲಿಲ್ಲ. ಆದರೆ ಎಂಥ ಪೇರಲ! ಗಿಡದಲ್ಲೇ ಕಳಿತು, ಗಿಳಿ ಒಂದು ಕಡೆ ಕಚ್ಚಿದ ಹಣ್ಣಿನ ವಾಸನೆ. ಕುಂಚ ಓಡಿದಂತೆ ಅದು ಹಾಸಿನುದ್ದಕ್ಕೂ ಓಡಿತು. ಉಗಿ ಮೂಗಿಗೆ ಬಡಿದೋ ಏನೋ, ಹೆಂಗಸರು ಅಂದು ಹಾಡು ಹೇಳಿಕೊಂಡು, ಕಾರಣವಿಲ್ಲದೆ ನಕ್ಕುಕೊಂಡು ಕೆಲಸ ಮಾಡಿದರು.

ನಗೆ ನಿಂತದ್ದು ಬಿಸಿಲೇರಿದ ಮೇಲೆ. ಮೊದಲು ಒಂದು ಸಾಲು, ಆಮೇಲೆ ಎರಡು ತುದಿಯ ಗಳಗಳಿಂದಲೂ ಇರುವೆಗಳು ಹಾಸಿನ ಮೇಲೆ ಹತ್ತತೊಡಗಿದವು. ಕೆಂಪಿರುವೆ. ನಮ್ಮ ಓಣಿಯ ಇರುವೆಗಳು ಎಷ್ಟೋ ತಲೆಮಾರಿನಿಂದ ಗಂಜಿ ಕಂಡವು, ಎಂದೂ ಹೊರಳಿ ನೋಡಿದವಲ್ಲ.

ಆಗ ಕಾಕಾ ಎದ್ದು ಹೊರಗೆ ಬಂದ. ಹಿಂದಿನ ಸಂಜೆಯ ಹೊಗಳಿಕೆ ಇನ್ನೂ ಮೈಮೇಲಿತ್ತು, ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಕಟ್ಟೆ ಇಳಿದವನು ಗಕ್ಕನೆ ನಿಂತು ಗಾಳಿ ಮೂಸಿದ. ಕಡ್ಡಿ ಬಾಯಿಂದ ಬಿತ್ತು.

"ಏ ಇವಳ, ಇದು ಯಾವ ಗಡಿಗಿ?"

"ಗಂಜಿ ಗಡಿಗಿ," ಎಂದಳು ಚಿಗವ್ವ, ಸೆರಗಿನಿಂದ ಇರುವೆ ಬಡಿಯುತ್ತ. "ಮತ್ಯಾವ ಗಡಿಗಿ ಇರತೈತ್ರಿ ನಮ್ಮ ಮನ್ಯಾಗ?"

ಕಾಕಾ ಹಾಸಿನ ಹತ್ತಿರ ಹೋಗಿ, ಓಣಿಯ ಜನವೆಲ್ಲ ನೋಡುತ್ತಿರುವಾಗ, ಹಸಿ ನೂಲಿಗೆ ನಾಲಿಗೆ ಹಚ್ಚಿದ. ಆ ಕ್ಷಣದಲ್ಲಿ ಅವನ ಮುಖದ ಮೇಲೆ ಬಂದ ಬೆಳಕನ್ನು ನಾನು ಮರೆಯಲಾರೆ. "ಬಂತಲೇ ತಮ್ಮಾ! ಪೇರಲ ಬಂತು! ಬೆಟಗೇರಿ ಗಾಳಿ!" ಎಂದು ನನ್ನ ಹೆಗಲು ಹಿಡಿದು ಕುಣಿದ. ಕುಣಿಯುತ್ತಿರುವಾಗಲೇ ಎರಡನೆಯ ವಿಚಾರ ಬಂದು ತಲುಪಿತು. ಪೇರಲ ಇಲ್ಲಿದ್ದರೆ ನಿನ್ನೆ ಭಟ್ಟಿ ಇಳಿಸಿದ್ದೇನು? ಬೆಳಕು ಆರಿ ಮುಖ ಬೂದಿಯಾಯಿತು. ತನ್ನ ಕಲೆ ಗೆದ್ದಿತ್ತು, ಗೆದ್ದದ್ದು ಉಗಿಯಾಗಿ ಹಾರಿ ಎದುರುಮನೆ ಮುದುಕಿಗೆ ಮುಟ್ಟಿತ್ತು. ಅತ್ತ ಬೀಗರ ಹೊಟ್ಟೆ ಗಂಜಿ ಹಚ್ಚಿಸಿಕೊಂಡು ಶಿರಹಟ್ಟಿಯಲ್ಲಿ ಗರಿಗರಿಯಾಗಿ ಕುಳಿತಿತ್ತು.

ಚಿಗವ್ವ ಗಂಡನ ಮುಖವನ್ನು ನೋಡಿದಳು, ಮೂಲೆಯ ಕಡೆ ನೋಡಿದಳು, ಬಟ್ಟೆಯಲ್ಲಿ ನಿಂತಿದ್ದ ನುಚ್ಚು ನೋಡಿದಳು. ಎಲ್ಲ ತಿಳಿಯಿತು. ಆಕೆ ಕೂಗಾಡಿದ್ದರೆ ಕಾಕಾ ಬದುಕಿಕೊಳ್ಳುತ್ತಿದ್ದ.

"ಬೆಲ್ಲ ಹಾಕೀರಿ?" ಎಂದಳು ಸಣ್ಣಗೆ.

"ಸ್ವಲ್ಪ."

"ನಿಮ್ಮ ಮಗಳು ಅಕ್ಕಿಕಾಳಿಗೆ ಉಡೂ ಸೀರಿ ಹಾಸು ಅದು."

ಕಾಕಾ ಬಗ್ಗಿ, ಬಿದ್ದ ಬೇವಿನ ಕಡ್ಡಿ ಎತ್ತಿಕೊಂಡ.

"ಇರಿವಿ ಬಡೀರಿ ಮೊದಲ," ಎಂದಳು. "ಆಮ್ಯಾಲೆ ಕುಣ್ಯಾಗ ಇಳೀರಿ. ಈ ಸೀರಿ ನೀವ ನೇಯಬೇಕು. ನನಗ ಮೊಣಕಾಲ ನೋಯಾಕತ್ತಾವ."

ಒದ್ದೆ ಬಟ್ಟೆಯಿಂದ ಹಾಸನ್ನು ಒರೆಸಿದರು, ಒರೆಸಿದಷ್ಟು ಹೋಯಿತು. ತೊಳೆದರೆ ಎಳೆಗಳು ಸಿಕ್ಕುಗಟ್ಟಿ ಪೂರಾ ಹಾಳು. ಹೊಸ ಹಾಸು ತರಿಸಲು ಹೊತ್ತಿಲ್ಲ. ಬೆಲ್ಲ ಹೀರಿದ ನೂಲು ಮಗ್ಗದ ಮೇಲೆ ಒಂದಕ್ಕೊಂದು ಅಂಟಿ, ಎಳೆ ಹಾಯುವ ಫಣಿಯ ಹಲ್ಲಿಗೆ ಸಿಕ್ಕಿ ಪಟಪಟನೆ ಹರಿಯುತ್ತಿತ್ತು. ಹರಿದದ್ದನ್ನೆಲ್ಲ ಹುಡುಕಿ ಎತ್ತಿ, ಬೂದಿಯಲ್ಲಿ ಬೆರಳದ್ದಿ ಹೊಸೆದು ಕೂಡಿಸಬೇಕು. ಕಾಕಾ ಕೂಡಿಸಿದ. ಮರೆತೇಹೋಗಿತ್ತೆಂದು ನಾವು ತಿಳಿದಿದ್ದ ಕೈ ಮರೆತಿರಲಿಲ್ಲ. ಮಾತ್ರ ಬಾಯಿ ಸುಮ್ಮನಿರಲಿಲ್ಲ. ಇರುವೆಗಳು ಬೆಲ್ಲದ ಜಾಡು ಹಿಡಿದು ಕುಣಿಗೂ ಇಳಿದು ಕಾಲು ಕಚ್ಚುತ್ತಿದ್ದವು, ಕಚ್ಚಿದಾಗಲೊಮ್ಮೆ ಮೊಬೈಲಿನ ಬಿಳಿ ಗಡ್ಡದವನ ವಂಶ ಉದ್ಧಾರವಾಗುತ್ತಿತ್ತು. ಚಿಗವ್ವ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿಕೊಂಡು ಚಹಾ ಕುಡಿಯುತ್ತಿದ್ದಳು. ಗಂಡನ ಬೈಗುಳ ಬಲು ಜೋರಾದಾಗ ಮಾತ್ರ, "ಲಾಳಿ ಸಪ್ಪಳ ಕೇಳವಲ್ದು" ಎನ್ನುತ್ತಿದ್ದಳು. ಎರಡು ದಿನ ಹಾಗೆ ಕುಳಿತಳು. ಮೂರನೆಯ ದಿನ ತಾನೂ ಬಂದು ಮಗ್ಗದ ಹಿಂಬದಿಗೆ ನಿಂತು ಎಳೆ ಕೂಡಿಸತೊಡಗಿದಳು.

ನಡುವೆ ಬೀಗರ ಫೋನ್ ಬಂತು. "ಸೀರಿ ಆತೇನ್ರಿ? ಆಗಲಿಲ್ಲಂದ್ರ ಸೂರತ್ತಿಂದ ತಂದಿಟ್ಟೀವ್ರಿ." ತುಸು ತಡೆದು, ದನಿ ಇಳಿಸಿ, "ಮತ್ತ... ಆ ಕೊಬ್ಬರಿದು?"

ಆಯಿಗೆ ಇದನ್ನು ಯಾರೂ ಹೇಳಲಿಲ್ಲ. ಆಕೆ ಮಗ ಮತ್ತೆ ಕುಣಿಗೆ ಇಳಿದನೆಂದು ಹಿಗ್ಗಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಇರುವೆಗಳಿಗೆ ಅದೂ ದಕ್ಕಿತು.

ಮದುವೆಯ ಮುಂಚಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಒಡಲಿನಲ್ಲಿ ಅಲ್ಲಲ್ಲಿ ಕೂಡಿಸಿದ ಗಂಟುಗಳು, ಬೆರಳಾಡಿಸಿದರೆ ಸಿಗುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ಮಡಿಕೆ ಬಿಚ್ಚಿದರೆ ಪೇರಲ ವಾಸನೆ. ಕಾಕಾನ ಮಗಳು, ನನ್ನ ತಂಗಿ, ಅದನ್ನುಟ್ಟು ಅಕ್ಕಿಕಾಳಿಗೆ ನಿಂತಳು. ಬೀಗರು ಸೊಸೆಯ ಎದುರಿಗೇ, ಒಂದು ಮೊಳ ದೂರದಲ್ಲಿ ಅಕ್ಷತೆ ಹಿಡಿದು ನಿಂತಿದ್ದರು. ಪೇರಲ ಘಮಘಮಿಸುತ್ತಿತ್ತು. ಕಾಕಾ ಅವರ ಮೂಗನ್ನೇ ನೋಡುತ್ತಿದ್ದ. ಕಾರವಾರದ ಕೊಬ್ಬರಿಯನ್ನು ಹಿಡಿದ ಆ ಮೂಗು ಒಮ್ಮೆಯೂ ಅಲ್ಲಾಡಲಿಲ್ಲ.

ಊಟದ ಪಂಕ್ತಿಯಲ್ಲಿ ಬೀಗರು ಕಾಕಾನ ಕಡೆ ವಾಲಿ, ಎಲ್ಲರಿಗೂ ಕೇಳುವಂಥ ಪಿಸುಮಾತಿನಲ್ಲಿ ಅಂದರು, "ಎಲ್ಲಿ ಇಟ್ಟೀರಿ ಅದನ್ನ?"

ಕಾಕಾ ತಲೆ ತಗ್ಗಿಸಿ ಹೋಳಿಗೆ ಮುರಿಯತೊಡಗಿದ. ಹೋಳಿಗೆ ಬಡಿಸುತ್ತಿದ್ದ ಚಿಗವ್ವ ನಿಂತಳು.

"ಅದನ್ನ ಮಾಡಿದಾಕಿ ನಾನ್ರೀ ಬೀಗರ," ಎಂದಳು. "ಒಂದು ಗಡಿಗಿ ಕಟ್ಟಿ ಕಳಸತೇನಿ. ಆದ್ರ ಕುಡೀಬ್ಯಾಡ್ರಿ ಮತ್ತ, ಧೋತರಕ್ಕ ಹಚ್ಚಿಕೊಳ್ರಿ. ಭೇಷ್ ಗರಿಗರಿ ನಿಂದರತಾವ."

ಪಂಕ್ತಿಯೆಲ್ಲ ಹೋ ಎಂದು ನಕ್ಕಿತು. ಮದುವೆಯಲ್ಲಿ ಬೀಗರನ್ನು ಕಾಡುವುದು ಪದ್ಧತಿಯೇ ಆದ್ದರಿಂದ ಬೀಗರೂ ಹೊಟ್ಟೆ ಹಿಡಿದು ನಕ್ಕರು. "ಭಾಳ ಚಾಷ್ಟಿಯಾಕಿ ಇದ್ದೀರವ್ವ ತಂಗಿ" ಎಂದು ಹೋಳಿಗೆ ಇನ್ನೊಂದು ಹಾಕಿಸಿಕೊಂಡರು. ನಗದಿದ್ದವನು ಕಾಕಾ ಒಬ್ಬನೇ. ಅವನು ಪಂಕ್ತಿಯ ಆಚೆ ಗೆಳತಿಯರ ನಡುವೆ ಕುಳಿತ ಮಗಳ ಕಡೆ ನೋಡುತ್ತಿದ್ದ. ಆಕೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು, ಇದೇನು ವಾಸನೆ ಎಂದು ಪಕ್ಕದವಳಿಗೆ ಮೂಸಲು ಕೊಡುತ್ತಿದ್ದಳು.